ಹಕ್ಕುಪತ್ರದ ಚಕ್ಕುಬಂದಿ

2019ರ ಏಪ್ರಿಲ್ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಇಸ್ರೇಲಿನ ರಾಯಭಾರಿ ಡ್ಯಾನಿ ಡ್ಯಾನನ್ ಬೈಬಲ್ ಗ್ರಂಥವನ್ನು ಎತ್ತಿ ಹಿಡಿದು, ಇದೇ ನಮ್ಮ ಭೂಮಿಯ ಹಕ್ಕುಪತ್ರವೆಂದು ಸಾರಿದರು. ಈ ವಾದ ಅವರದೇ ಹೊಸ ಶೋಧವೇನಲ್ಲ. 1967ರ ಯುದ್ಧದಲ್ಲಿ ವಶಪಡಿಸಿಕೊಂಡ ಪಶ್ಚಿಮ ದಂಡೆಯನ್ನು ಇಸ್ರೇಲ್ ಸರಕಾರವು ಅಧಿಕೃತವಾಗಿ ಕರೆಯುವುದೇ 'ಯೆಹೂದ ಮತ್ತು ಸಮಾರ್ಯ' ಎಂದು. ಇವುಗಳಲ್ಲಿ ಮೊದಲನೆಯದು ಪುರಾತನ ಇಸ್ರಾಈಲರ ಹನ್ನೆರಡು ಗೋತ್ರಗಳಲ್ಲಿ ಒಂದರ ಹೆಸರು.

ಈ ವಾದ ಎದುರಾದಾಗ ನಮ್ಮವರು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಕೈ ತೊಳೆದುಕೊಳ್ಳುತ್ತಾರೆ: ಆ ಗ್ರಂಥವು ತಿದ್ದಲ್ಪಟ್ಟಿದೆ, ಅದರ ಮಾತೇ ಬೇಡ. ಪೂರ್ವ ಗ್ರಂಥಗಳಲ್ಲಿ ಮಾನವ ಹಸ್ತಕ್ಷೇಪ ನಡೆದಿದೆಯೆಂಬುದು ನಮ್ಮ ವಿಶ್ವಾಸವೇ ಹೌದು. ಆದರೆ ಪತ್ರವನ್ನು ತೆರೆದು ನೋಡದೆಯೇ ಸುಳ್ಳೆನ್ನುವುದು ವಾದವಾಗದು. ಹತ್ತು ಗುಂಟೆ ಜಮೀನು ಕೊಳ್ಳುವ ರೈತನೂ ಪತ್ರವನ್ನು ಓದಿಸಿ, ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ಕೇಳಿಯೇ ಸಹಿ ಹಾಕುತ್ತಾನೆ. ನಾವೂ ಓದೋಣ.

ಯೆಹೋಶುವನ ಗ್ರಂಥದ 13ನೇ ಅಧ್ಯಾಯದಿಂದ 19ರವರೆಗೆ ಇರುವುದು ಬಹುಪಾಲು ಗಡಿಗಳ ವಿವರಣೆಯೇ. ಈ ಯೆಹೋಶುವನೇ ನಮ್ಮ ವ್ಯಾಖ್ಯಾನಕಾರರು ಹೇಳುವ ಯೂಶಅ್ ಬಿನ್ ನೂನ್. ಯೆಹೂದ ಗೋತ್ರದ ಗಡಿಯು ಇಂತಹ ಕಣಿವೆಯಿಂದ ಹೊರಟು, ಇಂತಹ ಬುಗ್ಗೆಯನ್ನು ದಾಟಿ, ಇಂತಹ ಬೆಟ್ಟದ ಓರೆಯಲ್ಲಿ ತಿರುಗುತ್ತದೆಂದು ಬರೆದು, ಆ ಬಳಿಕ ನೂರಕ್ಕೂ ಹೆಚ್ಚು ಊರುಗಳನ್ನು ಪಟ್ಟಿ ಮಾಡಲಾಗಿದೆ. ಶಿಲೋವಿನಲ್ಲಿ ಪ್ರತಿ ಗೋತ್ರದಿಂದ ಮೂವರನ್ನು ಆರಿಸಿ, ನಾಡನ್ನು ಸುತ್ತಿ ಬರೆದು ತರಲು ಕಳುಹಿಸಿ, ಉಳಿದ ಏಳು ಗೋತ್ರಗಳಿಗೆ ಚೀಟಿ ಹಾಕಿ ಹಂಚಿದ ವೃತ್ತಾಂತವೂ ಅಲ್ಲಿದೆ. ಮೇಲ್ನೋಟಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ದಾಖಲೆ ಬೇರಿಲ್ಲ. ಒಳಹೊಕ್ಕಾಗ ಮಾತ್ರ ಒಂದು ಗಡಿ ಇನ್ನೊಂದರೊಂದಿಗೆ ಜಗಳಕ್ಕೆ ನಿಲ್ಲುತ್ತದೆ.

ಆದಿಕಾಂಡದ 15ನೇ ಅಧ್ಯಾಯದ ಎಲ್ಲೆ ಯೂಫ್ರೆಟಿಸ್ ನದಿಯವರೆಗೆ ಹಬ್ಬಿದೆ. ಅರಣ್ಯಕಾಂಡದ 34ನೇ ಅಧ್ಯಾಯದಲ್ಲಿ ಪೂರ್ವದ ಎಲ್ಲೆ ಯೊರ್ದನ್ ನದಿ. ಆದರೂ ರೂಬೇನ್, ಗಾದ್ ಮತ್ತು ಮನಸ್ಸೆಯ ಅರ್ಧ ಗೋತ್ರಕ್ಕೆ ಅದೇ ನದಿಯ ಆಚೆ ದಡದಲ್ಲಿ ಪಾಲು ಸಿಕ್ಕಿದೆ. ಸಿಮೆಯೋನ್ ಗೋತ್ರದ ಪಾಲು ಯೆಹೂದದ ಪಾಲಿನ ಒಳಗೇ ಇದೆ. ಆಶೇರ್ ಗೋತ್ರದ ಗಡಿಯು ಇಂದಿನ ಲೆಬನಾನಿನಲ್ಲಿರುವ ಸೀದೋನ್ ನಗರವನ್ನು ಮುಟ್ಟುತ್ತದೆ. ಆದರೆ ಸೀದೋನಿನ ನಿವಾಸಿಗಳನ್ನು ಆಶೇರರು ಹೊರಡಿಸಲೇ ಇಲ್ಲವೆಂದು ನ್ಯಾಯಸ್ಥಾಪಕರ ಗ್ರಂಥದ ಮೊದಲ ಅಧ್ಯಾಯವು ಒಪ್ಪಿಕೊಳ್ಳುತ್ತದೆ. ಇನ್ನು ಗಾಝಾ. ಯೆಹೋಶುವನ ಗ್ರಂಥದ 13ನೇ ಅಧ್ಯಾಯದಲ್ಲಿ ಅದು ಇನ್ನೂ ವಶವಾಗದ ನಾಡು, 15ರಲ್ಲಿ ಯೆಹೂದದ ಸ್ವಾಸ್ತ್ಯ. ಯೆಹೂದದವರು ಅದನ್ನು ಗೆದ್ದರೆಂದು ನ್ಯಾಯಸ್ಥಾಪಕರ ಹೀಬ್ರೂ ಪಾಠವು ಹೇಳಿದರೆ, ಅದೇ ವಾಕ್ಯದ ಪ್ರಾಚೀನ ಗ್ರೀಕ್ ಭಾಷಾಂತರವು ಗೆಲ್ಲಲಿಲ್ಲವೆನ್ನುತ್ತದೆ. ಎರಡು ಪ್ರತಿಗಳಲ್ಲಿ ಎರಡು ಮಾತು! ಇಂತಹ ಪತ್ರವನ್ನು ಯಾವ ನೋಂದಣಿ ಕಚೇರಿ ಸ್ವೀಕರಿಸೀತು?

ದಾನ್ ಗೋತ್ರದ ಕತೆಯಂತೂ ಇನ್ನೂ ಕಠೋರ. ಅದಕ್ಕೆ ಚೀಟಿಯಲ್ಲಿ ಬಂದದ್ದು ಯಾಫಾದ ಎದುರಿನ, ಅಂದರೆ ಇಂದಿನ ತೆಲ್ ಅವೀವ್ ಸುತ್ತಲಿನ ಕರಾವಳಿ ಪ್ರದೇಶ. ಅಲ್ಲಿ ನೆಲೆಯೂರಲಾಗದೆ ಆ ಗೋತ್ರದವರು ಉತ್ತರಕ್ಕೆ ಹೋಗಿ, ಯಾರ ಗೊಡವೆಗೂ ಹೋಗದೆ ನೆಮ್ಮದಿಯಿಂದಿದ್ದ ಲಯಿಷ್ ಎಂಬ ಊರಿನ ಜನರನ್ನು ಕೊಂದು, ಊರನ್ನು ಸುಟ್ಟು, ಅದಕ್ಕೆ ತಮ್ಮ ಹೆಸರಿಟ್ಟರು. ಅಲ್ಲಿ ವಿಗ್ರಹವನ್ನೂ ಸ್ಥಾಪಿಸಿದರು. ಇದನ್ನು ಹೇಳುತ್ತಿರುವುದು ಅವರ ವಿರೋಧಿಗಳಲ್ಲ, ಅವರದೇ ಗ್ರಂಥ; ಹೇಳುವ ಧಾಟಿಯಲ್ಲಿ ಪ್ರಶಂಸೆಯೂ ಇಲ್ಲ. ರಾಯಭಾರಿ ಎತ್ತಿ ಹಿಡಿದ ಹೊತ್ತಗೆಯಲ್ಲಿ ಈ ಅಧ್ಯಾಯವೂ ಸೇರಿದೆ.

ಗಡಿಪಟ್ಟಿಗಳ ಕಾಲದ ಬಗ್ಗೆಯೂ ಒಂದು ಮಾತು. ಯೆಹೂದದ ಊರುಗಳ ಪಟ್ಟಿಯು ಕ್ರಿ.ಪೂ. 7ನೇ ಶತಮಾನದ ಯೋಶೀಯ ಅರಸನ ಆಡಳಿತ ವಿಭಾಗಗಳ ದಾಖಲೆಯೆಂದು ಜರ್ಮನ್ ವಿದ್ವಾಂಸ ಆಲ್ಬ್ರೆಕ್ಟ್ ಆಲ್ಟ್ 1925ರಲ್ಲೇ ವಾದಿಸಿದ್ದರು. ಈ ಚರ್ಚೆ ವಿದ್ವಾಂಸರಿಗಿರಲಿ. ನಮಗೆ ಅದಕ್ಕಿಂತ ಮುಖ್ಯವಾದುದು ಜೆರುಸಲೇಮ್, ಅಂದರೆ ನಮ್ಮ ಬೈತುಲ್ ಮಕ್ದಿಸ್.

ಆ ನಗರವು ಯಾವ ಗೋತ್ರದ್ದು? ಯೆಹೋಶುವನ ಗ್ರಂಥದ 18ನೇ ಅಧ್ಯಾಯವು ಅದನ್ನು ಬೆನ್ಯಾಮೀನರ ಊರುಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಅಲ್ಲಿನ ಮೂಲನಿವಾಸಿಗಳಾದ ಯೆಬೂಸಿಯರನ್ನು ಯೆಹೂದದವರಿಂದ ಹೊರಡಿಸಲಾಗಲಿಲ್ಲ, ಅವರು ಇಂದಿಗೂ ಜೊತೆಯಲ್ಲೇ ವಾಸಿಸುತ್ತಾರೆ ಎಂದು 15ನೇ ಅಧ್ಯಾಯದ ಕೊನೆಯಲ್ಲಿದೆ. ನ್ಯಾಯಸ್ಥಾಪಕರ ಗ್ರಂಥವು ಇದೇ ಮಾತನ್ನು ಯೆಹೂದದ ಬದಲು ಬೆನ್ಯಾಮೀನರಿಗೆ ಅನ್ವಯಿಸುತ್ತದೆ. ಮುಂದೆ ದಾವೂದ್(ಅ) ಆ ನಗರವನ್ನು ಗೆದ್ದರೆಂದು ಬರೆದಿರುವ ಅದೇ ಸಮುವೇಲನ ಗ್ರಂಥವು, ಬಲಿಪೀಠ ಕಟ್ಟಲು ಜಾಗ ಬೇಕಾದಾಗ ಅವರು ಏನು ಮಾಡಿದರೆಂದೂ ಹೇಳುತ್ತದೆ. ಅರೌನನೆಂಬ ಯೆಬೂಸಿಯನ ಬಳಿ ಹೋಗಿ ಅವನ ಕಣವನ್ನು ಕೇಳಿದರು. ಅವನು ಉಚಿತವಾಗಿಯೇ ಕೊಡುತ್ತೇನೆಂದರೂ ಒಪ್ಪದೆ, ಕಣಕ್ಕೂ ಎತ್ತುಗಳಿಗೂ ಐವತ್ತು ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟರು. ಪೂರ್ವಕಾಲವೃತ್ತಾಂತದ ಪ್ರಕಾರ ಬೆಲೆ ಆರುನೂರು ಶೆಕೆಲ್ ಚಿನ್ನ. ಬೆಲೆಯಲ್ಲಿ ಭಿನ್ನತೆಯಿದೆ, ಕೊಂಡುದರಲ್ಲಿಲ್ಲ. ಕೈಯಲ್ಲಿ ದೇವದತ್ತ ಹಕ್ಕುಪತ್ರವೂ ಖಡ್ಗವೂ ಇದ್ದ ಅರಸನು ಯೆಬೂಸಿಯನ ಕಣಕ್ಕೆ ಬೆಲೆ ತೆತ್ತದ್ದೇಕೆ? ಅವರಿಗಿಂತ ಮೊದಲು ಇಬ್ರಾಹೀಮ್(ಅ) ಕೂಡ, ಪತ್ನಿ ಸಾರಾ ತೀರಿಕೊಂಡಾಗ, ತಾನು ಇಲ್ಲಿ ಪರದೇಶಿಯೆಂದು ಹೇಳಿಕೊಂಡು ಹೆಬ್ರೋನಿನ ಮಕ್ಪೇಲ ಗವಿಯನ್ನು ನಾನೂರು ಶೆಕೆಲ್ ಬೆಳ್ಳಿಗೆ ಕೊಂಡರೆಂದು ಆದಿಕಾಂಡದಲ್ಲಿದೆ. ಅದೇ ಹೆಬ್ರೋನಿನಲ್ಲಿ, ನಮ್ಮ ಅಲ್‌ಖಲೀಲ್‌ನಲ್ಲಿ, ಇಂದು ಸೈನಿಕರ ಕಾವಲಿನಲ್ಲಿ ಮನೆಗಳನ್ನು ಆಕ್ರಮಿಸುವವರು ತಮ್ಮನ್ನು ಇಬ್ರಾಹೀಮರ ವಾರಸುದಾರರೆಂದು ಕರೆದುಕೊಳ್ಳುತ್ತಾರೆ.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಏನು ಹೇಳುತ್ತದೆ? ಅಲ್ ಮಾಇದಃ ಅಧ್ಯಾಯದ 21ನೇ ಸೂಕ್ತವನ್ನು ತೋರಿಸಿ, ಕುರ್‌ಆನ್ ಕೂಡ ಆ ನಾಡನ್ನು ಅವರಿಗೇ ಬರೆದುಕೊಟ್ಟಿದೆಯೆಂದು ವಾದಿಸುವವರಿದ್ದಾರೆ. ಅಲ್ಲಾಹನು ನಿಮಗಾಗಿ ವಿಧಿಸಿದ ಪವಿತ್ರ ಭೂಮಿಯನ್ನು ಪ್ರವೇಶಿಸಿರೆಂದು ಮೂಸಾ(ಅ) ತಮ್ಮ ಜನತೆಗೆ ಹೇಳಿದ್ದು ನಿಜ. ಐದು ಸೂಕ್ತಗಳನ್ನು ದಾಟುವಷ್ಟರಲ್ಲಿ ಅವಿಧೇಯತೆಯ ಕಾರಣಕ್ಕೆ ಅದೇ ಭೂಮಿಯು ಅದೇ ಜನತೆಗೆ ನಲ್ವತ್ತು ವರ್ಷಗಳ ಕಾಲ ನಿಷಿದ್ಧವಾಗುತ್ತದೆ. ವಂಶವು ಬದಲಾಗಿರಲಿಲ್ಲ, ನಡತೆ ಬದಲಾಗಿತ್ತು. ತಮ್ಮ ಸಂತತಿಯನ್ನೂ ನಾಯಕರನ್ನಾಗಿಸುವೆಯಾ ಎಂದು ಇಬ್ರಾಹೀಮ್(ಅ) ಕೇಳಿದಾಗ, ತನ್ನ ಕರಾರು ಅಕ್ರಮಿಗಳಿಗೆ ಅನ್ವಯಿಸದೆಂದೇ ಅಲ್ಲಾಹನು ಉತ್ತರಿಸಿದನು. ಹನ್ನೆರಡು ಗೋತ್ರಗಳು, ಹನ್ನೆರಡು ಚಿಲುಮೆಗಳು, ಹನ್ನೆರಡು ಮುಖಂಡರು ಕುರ್‌ಆನಿನಲ್ಲಿದ್ದಾರೆ. ಯಾವ ಗೋತ್ರಕ್ಕೂ ಒಂದು ಅಂಗುಲದ ಗಡಿಯೂ ಅಲ್ಲಿಲ್ಲ.

ನೆಲದ ಒಡೆತನದಲ್ಲಿ ತೌರಾತ್‌ನ ಉಳಿದ ಅಂಶಗಳೂ ನಮ್ಮ ಧರ್ಮವೂ ಎಷ್ಟು ಹತ್ತಿರವೆಂಬುದನ್ನು ನೋಡಿ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಭೂಮಿಯು ದೇವನದು, ಇಸ್ರಾಈಲರು ಅದರಲ್ಲಿ ಪ್ರವಾಸಿಗಳು. ನೆರೆಯವನ ಬಾಂದುಕಲ್ಲನ್ನು ಸರಿಸುವವನು ಶಾಪಗ್ರಸ್ತನೆಂದು ಧರ್ಮೋಪದೇಶಕಾಂಡದ 27ನೇ ಅಧ್ಯಾಯವು ಘೋಷಿಸುತ್ತದೆ. ಭೂಮಿಯ ಗುರುತುಗಳನ್ನು ಬದಲಿಸುವವನನ್ನು ಅಲ್ಲಾಹನು ಶಪಿಸಿದ್ದಾನೆಂಬ ಪ್ರವಾದಿ(ಸ)ವರ್ಯರ ವಚನವನ್ನು ಅಲೀ(ರ) ಉದ್ಧರಿಸಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಗೇಣುದ್ದ ನೆಲವನ್ನು ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ಭಾರ ಬೀಳುವುದೆಂಬ ಹದೀಸ್ ಅನ್ನು ಕೇಳದವರು ನಮ್ಮಲ್ಲಿ ವಿರಳ. ಅದನ್ನು ಫೆಲೆಸ್ತೀನಿನ ಕುರಿತು ಆವೇಶದಿಂದ ಓದಿ, ಅಕ್ಕತಂಗಿಯರ ಪಾಲಿನ ಜಮೀನನ್ನು ತಾವೇ ಉಣ್ಣುವವರೂ ನಮ್ಮಲ್ಲಿ ವಿರಳವಲ್ಲ. ಗಂಡುಮಕ್ಕಳಿಲ್ಲದ ಚಲ್ಪಹಾದನ ಐವರು ಪುತ್ರಿಯರು ಮೂಸಾ(ಅ)ರ ಮುಂದೆ ನಿಂತು ತಂದೆಯ ಪಾಲನ್ನು ಕೇಳಿ ಪಡೆದ ಪ್ರಸಂಗವು ಅದೇ ಅರಣ್ಯಕಾಂಡದಲ್ಲಿದೆ. ಅದನ್ನು ನಾವೂ ಓದಬೇಕು.

ಕೊನೆಯದಾಗಿ ಯೆಹೆಜ್ಕೇಲನ ಗ್ರಂಥ. ಗಡಿಪಾರಾಗಿ ಬಾಬಿಲೋನಿನಲ್ಲಿದ್ದ ಈ ಪ್ರವಾದಿಯ ಗ್ರಂಥದ ಕೊನೆಯ ಅಧ್ಯಾಯಗಳಲ್ಲಿ ಹನ್ನೆರಡು ಗೋತ್ರಗಳಿಗೆ ನಾಡನ್ನು ಮತ್ತೊಮ್ಮೆ ಹಂಚಲಾಗಿದೆ. ಹಳೆಯ ಬೆಟ್ಟ ಕಣಿವೆಗಳ ಗಡಿಯನ್ನೆಲ್ಲ ಬಿಟ್ಟು, ಪೂರ್ವದಿಂದ ಪಶ್ಚಿಮಕ್ಕೆ ಪಟ್ಟಿ ಪಟ್ಟಿಯಾಗಿ ಎಳೆದ ಪಾಲುಗಳು ಅವು. ಅಲ್ಲಿ 47ನೇ ಅಧ್ಯಾಯದ ಅಂತ್ಯದಲ್ಲಿ ಯೆಹೋಶುವನ ಪಟ್ಟಿಗಳಲ್ಲಿಲ್ಲದ ಒಂದು ನಿಯಮವಿದೆ: ನಿಮ್ಮ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗಳನ್ನು ಸ್ವದೇಶಿಗಳಂತೆಯೇ ಎಣಿಸಬೇಕು, ಅವರು ಯಾವ ಗೋತ್ರದ ನಡುವೆ ವಾಸಿಸುತ್ತಾರೋ ಅಲ್ಲಿಯೇ ಅವರಿಗೂ ಸ್ವಾಸ್ತ್ಯವನ್ನು ಕೊಡಬೇಕು. ಶತಮಾನಗಳಿಂದ ಅಲ್ಲೇ ಹುಟ್ಟಿ, ಅಲ್ಲೇ ಆಲಿವ್ ಬೆಳೆದು, ಅಲ್ಲೇ ಮಣ್ಣಾದ ಫೆಲೆಸ್ತೀನಿಯರು ಪರದೇಶಿಗಳಲ್ಲ. ವಾದಕ್ಕಾಗಿ ಹಾಗೆಂದು ಒಪ್ಪಿಕೊಂಡರೂ, ಆ ಗ್ರಂಥವನ್ನು ಹಕ್ಕುಪತ್ರವೆನ್ನುವವರು ಈ ನಿಯಮದಂತೆ ಅವರ ಪಾಲನ್ನು ಬಿಟ್ಟುಕೊಡಲೇಬೇಕಾಗುತ್ತದೆ.