ಹಳದಿ ಪ್ರತಿ ಎಲ್ಲಿ ಹೋಗುತ್ತದೆ?

ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿದ ಮೇಲೆ ಯಾರು ಚೆನ್ನಾಗಿ ಆಡಿದರು ಎಂದು ಕೇಳಿ ನೋಡಿ. ಹೆಚ್ಚು ಪಾಯಿಂಟ್ಸ್ ಹೊಡೆದವರ ಹೆಸರು ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಪತ್ರಿಕೆಯ ಕ್ರೀಡಾ ಪುಟದ ಮೂಲೆಯ ನಾಲ್ಕು ಸಾಲಿನ ವರದಿಯಲ್ಲೂ ಅದೇ: ಇಂಥ ತಂಡ ಇಷ್ಟರಿಂದ ಗೆದ್ದಿತು, ವಿಜೇತರ ಪರ ಇಂಥವರು 21 ಪಾಯಿಂಟ್ಸ್ ಗಳಿಸಿದರು. ಉಳಿದ ನಾಲ್ವರು 40 ನಿಮಿಷ ಅಂಗಣದಲ್ಲಿ ಓಡಿದ್ದಕ್ಕೆ ಒಂದು ಸಾಲೂ ಇಲ್ಲ.

ಐದು ಜನರ ಆಟದಲ್ಲಿ ಚೆಂಡು ಒಬ್ಬರ ಕೈಯಲ್ಲಿರುತ್ತದೆ. ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು, ಅಂದರೆ ರೀಬೌಂಡನ್ನು, ಹಾರಿ ಹಿಡಿಯುವುದು, ಸರಿಯಾದ ಕೈಗೆ ದಾಟಿಸುವುದು, ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು, ಇವನ್ನೆಲ್ಲ ಉಳಿದವರು ಮಾಡುತ್ತಾರೆ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಭಾರತದ ವನಿತೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು. ಎರಡೇ ಪಾಯಿಂಟ್ ಅಂತರದ ಅಂಥ ಪಂದ್ಯದಲ್ಲಿ ಒಂದು ರೀಬೌಂಡ್ ಆಚೀಚೆಯಾಗಿದ್ದರೂ ಕಪ್ ಕೈತಪ್ಪುತ್ತಿತ್ತು. ಆ ಕಪ್ಪನ್ನು ನಾವು ನೆನೆಯುತ್ತೇವೆ, ರೀಬೌಂಡ್ ಹಿಡಿದವರನ್ನು ನೆನೆಯುವುದಿಲ್ಲ.

ವೃತ್ತಿಪರ ಲೀಗ್ ಬಂದರೆ ಇದೆಲ್ಲ ಬದಲಾಗುತ್ತದೆ ಎಂಬ ಭರವಸೆ ನಮಗೆ ಒಂದಲ್ಲ, ಹಲವು ಸಲ ಸಿಕ್ಕಿದೆ. 2015ರಲ್ಲಿ ಯುಬಿಎ ಲೀಗ್ ಬಂತು, ಬೆಂಗಳೂರು ಬೀಸ್ಟ್ ಎಂಬ ತಂಡವೂ ಬಂತು. 2017ರ ನಂತರ ಆ ಲೀಗ್ ನಡೆಯಲಿಲ್ಲ. 2022ರಲ್ಲಿ ಐಎನ್‌ಬಿಎಲ್ ಎಂಬ ಇನ್ನೊಂದು ಲೀಗ್ ಶುರುವಾದಾಗ ಬೆಂಗಳೂರು ಕಿಂಗ್ಸ್ ತಂಡವಿತ್ತು. 2025ರಲ್ಲಿ ಅದರ ‘ಪ್ರೊ’ ಆವೃತ್ತಿ ಬಂದಾಗ ಚೆನ್ನೈ, ದೆಹಲಿ, ಗುಜರಾತ್, ಹೈದರಾಬಾದ್, ಮುಂಬೈ, ಪಂಜಾಬ್ ತಂಡಗಳಿದ್ದವು, ಬೆಂಗಳೂರಿನದ್ದಿರಲಿಲ್ಲ. ಲೀಗ್ ಉದ್ಘಾಟನೆಯ ದಿನ ಅಂಕಿ-ಅಂಶದ ಬಗ್ಗೆ ಭಾಷಣ ಮಾಡುತ್ತಾರೆ. ಲೀಗ್ ನಿಂತ ಮೇಲೆ ಆಟಗಾರರ ಲೆಕ್ಕವನ್ನು ಯಾರು ಕಾಪಾಡುತ್ತಾರೆ ಎಂದು ಯಾರೂ ಹೇಳುವುದಿಲ್ಲ.

ಜನರಿಗೆ ಈ ಲೆಕ್ಕವೆಲ್ಲ ಬೇಡ, ಗೆಲುವು-ಸೋಲು ಸಾಕು ಎಂಬ ವಾದವಿದೆ. ಇದು ಸುಳ್ಳು ಎನ್ನಲು ಕಬಡ್ಡಿಯೇ ಸಾಕ್ಷಿ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಪ್ರೊ ಕಬಡ್ಡಿ ನೋಡುವವರಿಗೆ ಸೂಪರ್ ಟೆನ್ ಎಂದರೇನು, ಹೈ ಫೈವ್ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. 2019ರ ಜನವರಿ 5ರ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ 38–33ರಿಂದ ಗುಜರಾತ್ ತಂಡವನ್ನು ಸೋಲಿಸಿತು, ಅದರಲ್ಲಿ ಪವನ್ ಸೆಹ್ರಾವತ್ ಒಬ್ಬರದೇ 22 ಪಾಯಿಂಟ್ಸ್ ಎಂಬುದು ಶಿಡ್ಲಘಟ್ಟದ ಟೀ ಅಂಗಡಿಯಲ್ಲೂ ಗೊತ್ತು. ರೈಡರ್‌ಗೆ ಬೇರೆ ಲೆಕ್ಕ, ಹಿಡಿಯುವವರಿಗೆ ಬೇರೆ ಲೆಕ್ಕ ಇಟ್ಟು ಕೊಟ್ಟರು, ಜನ ಕಲಿತರು. ಕೊಡದೆಯೇ ಜನರಿಗೆ ಬೇಡ ಎನ್ನುವುದು ಕೊಡಲು ಮನಸ್ಸಿಲ್ಲದವರ ಮಾತು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಲೆಕ್ಕವೇ ಇಲ್ಲ ಎಂದಲ್ಲ. ಅಂತರರಾಷ್ಟ್ರೀಯ ಫೆಡರೇಷನ್ ನಿಯಮದ ಪ್ರಕಾರ ಪ್ರತಿ ಪಂದ್ಯಕ್ಕೂ ಸ್ಕೋರ್‌ಶೀಟ್ ಇರಲೇಬೇಕು. ಅದರಲ್ಲಿ 1ರಿಂದ ಅಂಕೆಗಳ ಉದ್ದನೆಯ ಕಾಲಂ. ಬುಟ್ಟಿ ಬಿದ್ದರೆ ಅಂಕೆಯ ಮೇಲೆ ಓರೆಗೆರೆ, ಪಕ್ಕದಲ್ಲಿ ಆಟಗಾರರ ಅಂಗಿಯ ಸಂಖ್ಯೆ. ಮೂರು ಪಾಯಿಂಟ್‌ನದಾದರೆ ಆ ಸಂಖ್ಯೆಗೆ ಸುತ್ತು. ಫ್ರೀ ಥ್ರೋ ಆದರೆ ತುಂಬಿದ ಚುಕ್ಕೆ. ಮೊದಲ ಮತ್ತು ಮೂರನೇ ಕ್ವಾರ್ಟರ್‌ಗೆ ಕೆಂಪು ಶಾಯಿ, ಉಳಿದವಕ್ಕೆ ನೀಲಿ ಅಥವಾ ಕಪ್ಪು. ಒಂದು ಮೂಲ ಹಾಳೆ, ಮೂರು ಪ್ರತಿ. ಗುಲಾಬಿ ಬಣ್ಣದ್ದು ಗೆದ್ದ ತಂಡಕ್ಕೆ, ಹಳದಿಯದು ಸೋತ ತಂಡಕ್ಕೆ. ಸೋತವರಿಗೂ ದಾಖಲೆ ಸಿಗಬೇಕು ಎಂದು ನಿಯಮ ಮಾಡಿದವರು ಯೋಚಿಸಿದ್ದಾರೆ. ನಮ್ಮ ತಾಲ್ಲೂಕು ಕೂಟಗಳಲ್ಲಿ ಸೋತು ಬಸ್ಸು ಹತ್ತುವ ಮಕ್ಕಳ ಕೈಯಲ್ಲಿ ಆ ಹಳದಿ ಹಾಳೆ ಕಂಡವರಿದ್ದರೆ ಹೇಳಲಿ.

ಹಾಳೆ ಕೈಗೆ ಸಿಕ್ಕರೂ ಅದರಲ್ಲಿ ಇರುವುದು ಪಾಯಿಂಟ್, ಫೌಲ್, ಟೈಮ್‌ಔಟ್ ಮಾತ್ರ. ರೀಬೌಂಡ್ ಇಲ್ಲ, ಬುಟ್ಟಿಯಾಗುವಂತೆ ಚೆಂಡು ದಾಟಿಸಿದ ಅಸಿಸ್ಟ್ ಇಲ್ಲ, ಕಸಿದ ಚೆಂಡಿಲ್ಲ, ಕಳೆದ ಚೆಂಡಿಲ್ಲ. ಎಷ್ಟು ಸಲ ಎಸೆದು ತಪ್ಪಿಸಿದರು ಎಂಬುದೂ ಇಲ್ಲ. ಅದಕ್ಕೆ ಬೇರೆ ಹಾಳೆ, ಬೇರೆ ಜನ ಬೇಕು. ಆ ಜನರನ್ನು ಕೂರಿಸುವ ಕುರ್ಚಿ ಮಾತ್ರ ನಮ್ಮಲ್ಲಿ ಅತಿಥಿಗಳಿಗೆ ಹೋಗುತ್ತದೆ.

ಹಾಳೆಯ ಬೆಲೆ ಏನೆಂದು ತಿಳಿಯಲು ಒಂದು ಹಳೆಯ ಪಂದ್ಯ ಸಾಕು. 1962ರ ಮಾರ್ಚ್ 2ರಂದು ಅಮೆರಿಕದ ಹರ್ಷಿ ಪಟ್ಟಣದಲ್ಲಿ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಪಾಯಿಂಟ್ಸ್ ಹೊಡೆದರು. ಟಿವಿಯವರು ಬಂದಿರಲಿಲ್ಲ, ಆ ಆಟದ ಚಿತ್ರೀಕರಣ ಎಲ್ಲೂ ಇಲ್ಲ. ಆದರೂ ಅವರು 63 ಸಲ ಎಸೆದು 36 ಸಲ ಗುರಿ ಮುಟ್ಟಿಸಿದರು, 32 ಫ್ರೀ ಥ್ರೋಗಳಲ್ಲಿ 28 ಹಾಕಿದರು ಎಂದು ಇಂದಿಗೂ ಜಗತ್ತಿಗೆ ಗೊತ್ತು. ಯಾರೋ ಕೂತು ಬರೆದರು, ಬರೆದದ್ದನ್ನು ಜೋಪಾನ ಮಾಡಿದರು. ಇಂದು ನಮ್ಮಲ್ಲಿ ನೂರು ಮೊಬೈಲುಗಳು ಪಂದ್ಯವನ್ನು ಚಿತ್ರೀಕರಿಸುತ್ತವೆ, ವಾರ ಕಳೆದರೆ ಯಾರ ಲೆಕ್ಕವೂ ಸಿಗುವುದಿಲ್ಲ.

ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲಿಯದೇ ಉದಾಹರಣೆಯಿದೆ. 13 ಸೀಸನ್‌ಗಳಲ್ಲಿ 11 ಸಲ ಚಾಂಪಿಯನ್ ಆದ ಬಿಲ್ ರಸೆಲ್ ಎದುರಾಳಿಯ ಎಸೆತ ತಡೆಯುವುದರಲ್ಲಿ ಹೆಸರಾದವರು. ಆದರೆ ಅಲ್ಲಿನ ಲೀಗ್ ಎನ್‌ಬಿಎ ಅಂಥ ತಡೆಗಳನ್ನು, ಅಂದರೆ ಬ್ಲಾಕ್‌ಗಳನ್ನು, ಎಣಿಸಲು ಶುರು ಮಾಡಿದ್ದು 1973–74ರಲ್ಲಿ, ಅವರು ನಿವೃತ್ತರಾದ ಮೇಲೆ. ಆ ಆಟದ ಅತ್ಯಂತ ದೊಡ್ಡ ರಕ್ಷಕನ ಮುಖ್ಯ ಕೆಲಸವೇ ಅಧಿಕೃತ ಪುಸ್ತಕದಲ್ಲಿಲ್ಲ. ಅಷ್ಟು ದೊಡ್ಡವರಿಗೇ ಹೀಗಾದರೆ ಗೌರಿಬಿದನೂರಿನ ಪ್ರೌಢಶಾಲೆಯ ಹುಡುಗಿ ತಡೆದ ಎಸೆತಗಳನ್ನು ಯಾರು ನೆನಪಿಡುತ್ತಾರೆ?

ಆ ಹುಡುಗಿಯ ಪಂದ್ಯವನ್ನೇ ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ತಂಡದಲ್ಲಿ ಒಬ್ಬಳು 18 ಪಾಯಿಂಟ್ಸ್ ಹೊಡೆದಳು. ಆದರೆ ಅದಕ್ಕೆ 24 ಸಲ ಎಸೆದು 16 ಸಲ ತಪ್ಪಿಸಿದಳು, ಎರಡು ಫ್ರೀ ಥ್ರೋ ಹಾಳು ಮಾಡಿದಳು, ಏಳು ಸಲ ಚೆಂಡು ಕಳೆದುಕೊಂಡಳು. ಎರಡು ರೀಬೌಂಡ್, ಒಂದು ಅಸಿಸ್ಟ್, ಒಂದು ಸಲ ಚೆಂಡು ಕಸಿದಳು. ಇನ್ನೊಬ್ಬಳು ಹೊಡೆದದ್ದು 6 ಪಾಯಿಂಟ್ಸ್, ಐದು ಎಸೆತದಲ್ಲಿ ಮೂರು ಬಿದ್ದವು. ಆದರೆ 11 ರೀಬೌಂಡ್, ಐದು ಅಸಿಸ್ಟ್, ಮೂರು ಸಲ ಚೆಂಡು ಕಸಿದಳು, ಎರಡೇ ಸಲ ಕಳೆದಳು. ಕಪ್ ಕೊಡುವಾಗ ಮೈಕಿನಲ್ಲಿ ಕೇಳಿಬರುವುದು ಮೊದಲನೆಯವಳ ಹೆಸರು.

ಎಫಿಷಿಯನ್ಸಿ ಎಂಬ ಸರಳ ಲೆಕ್ಕ ಹಲವು ಕಡೆ ಬಳಕೆಯಲ್ಲಿದೆ. ಪಾಯಿಂಟ್, ರೀಬೌಂಡ್, ಅಸಿಸ್ಟ್, ಕಸಿದ ಚೆಂಡು, ಬ್ಲಾಕ್ ಇವನ್ನು ಕೂಡಬೇಕು. ತಪ್ಪಿದ ಎಸೆತ, ತಪ್ಪಿದ ಫ್ರೀ ಥ್ರೋ, ಕಳೆದ ಚೆಂಡು ಇವನ್ನು ಕಳೆಯಬೇಕು. ಮೊದಲನೆಯವಳಿಗೆ ಕೂಡಿದ್ದು 22, ಕಳೆದದ್ದು 25, ಉಳಿದದ್ದು ಸೊನ್ನೆಗಿಂತ ಮೂರು ಕೆಳಗೆ. ಎರಡನೆಯವಳಿಗೆ ಕೂಡಿದ್ದು 25, ಕಳೆದದ್ದು 4, ಉಳಿದದ್ದು 21. ಐದನೇ ತರಗತಿಯ ಗಣಿತ ಸಾಕು. ಜಿಲ್ಲಾ ತಂಡದ ಆಯ್ಕೆಗೆ ಕೂತವರು ಇಷ್ಟನ್ನೂ ಮಾಡದೆ ಪಟ್ಟಿ ಓದಿದರೆ ಅದನ್ನು ಆಯ್ಕೆ ಎನ್ನಲಾಗದು.

ಈ ಲೆಕ್ಕವೂ ಪೂರ್ಣವಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಹ್ಯೂಸ್ಟನ್ ರಾಕೆಟ್ಸ್‌ಗೆ ಆಡಿದ ಶೇನ್ ಬ್ಯಾಟಿಯೆ ಬಗ್ಗೆ 2009ರಲ್ಲಿ ಲೇಖಕ ಮೈಕೆಲ್ ಲೂಯಿಸ್ ದೀರ್ಘ ಬರಹ ಬರೆದರು. ಬ್ಯಾಟಿಯೆ ಅವರ ಅಂಕಿ-ಅಂಶ ತೀರಾ ಸಾಧಾರಣ. ಆದರೆ ಅವರು ಅಂಗಣದಲ್ಲಿದ್ದಾಗ ತಂಡ ಮುಂದಿರುತ್ತಿತ್ತು. ಎದುರಾಳಿಯ ದೊಡ್ಡ ಆಟಗಾರನನ್ನು ಆತನಿಗೆ ಒಗ್ಗದ ಜಾಗದಿಂದಲೇ ಎಸೆಯುವಂತೆ ದೂಡುತ್ತಿದ್ದರು. ಅದಕ್ಕೇ ಪ್ಲಸ್-ಮೈನಸ್ ಎಂಬ ಇನ್ನೊಂದು ಲೆಕ್ಕ ಇದೆ: ಆಟಗಾರ ಒಳಗಿದ್ದ ಹೊತ್ತಿನಲ್ಲಿ ತಂಡ ಎಷ್ಟು ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು. ಜೊತೆಗಾರರು ದುರ್ಬಲರಾದರೆ ಇದೂ ಮೋಸ ಮಾಡುತ್ತದೆ, ಹಾಗಾಗಿ ಬಲ್ಲವರ ಕಣ್ಣೂ ಬೇಕು. ಕಣ್ಣಿಗೆ ನೆರವಾಗಲು ಲೆಕ್ಕ ಬೇಕು ಎನ್ನುತ್ತಿದ್ದೇವೆ. ಲೆಕ್ಕವೇ ಇಲ್ಲದ ಕಣ್ಣು ಪರಿಚಯದ ಮುಖವನ್ನೇ ಮೊದಲು ಕಾಣುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನೇ ಪರೀಕ್ಷೆಗೆ ಕರೆದವರು. ಏನೇ ಆದರೂ ಪ್ರಶ್ನಿಸದೆ ಒಪ್ಪಬಾರದು ಎಂದು ಬದುಕಿಡೀ ಹೇಳಿದರು. ಅವರು ಹುಟ್ಟಿದ ತಾಲ್ಲೂಕಿನಲ್ಲೇ ಮಕ್ಕಳ ಆಟದ ತೀರ್ಪನ್ನು ನಾವು ಪ್ರಶ್ನೆಯಿಲ್ಲದೆ ಒಪ್ಪುತ್ತಿದ್ದೇವೆ.

ನಮ್ಮ ಜಿಲ್ಲೆಗೆ ಲೆಕ್ಕ ಇಡಲು ಬಾರದು ಎಂದೇನೂ ಇಲ್ಲ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ. ರೈತ ತಂದ ಗೂಡಿಗೆ ಲಾಟ್ ಸಂಖ್ಯೆ, ಆ ಸಂಖ್ಯೆಗೆ ಇ-ಹರಾಜು, ಹರಾಜಾದ ಮೇಲೆ ತೂಕ, ತೂಕಕ್ಕೆ ಚೀಟಿ. ನೂರು ಲಾಟ್‌ಗಳ ನಡುವೆ ತನ್ನ ಗೂಡಿಗೆ ಎಷ್ಟು ದರ ಬಂತು ಎಂದು ರೈತನಿಗೆ ಅದೇ ದಿನ ಗೊತ್ತಾಗುತ್ತದೆ. ಅದೇ ರೈತನ ಮಗಳು ತಾಲ್ಲೂಕು ಕೂಟದಲ್ಲಿ ಆಡಿ ಬಂದರೆ ಅವಳ ಆಟದ ಗುಣಮಟ್ಟಕ್ಕೆ ಚೀಟಿಯಿಲ್ಲ, ‘ಭಾಗವಹಿಸಿದ್ದಾರೆ’ ಎಂಬ ಮುದ್ರಿತ ಸಾಲಿದೆ.

ಇದು ಬರೀ ಮೆಡಲ್ಲಿನ ಮಾತಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ಪೊಲೀಸ್ ಮತ್ತು ಅರಣ್ಯ ಇಲಾಖೆಗಳ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಶೇ 3, ಇತರ ಇಲಾಖೆಗಳಲ್ಲಿ ಶೇ 2 ಮೀಸಲಾತಿ ಎಂದು ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯನವರೇ ವೇದಿಕೆಗಳಲ್ಲಿ ಹೇಳಿದ್ದಾರೆ. ಈ ಬಾಗಿಲುಗಳ ಕೀಲಿ ರಾಜ್ಯ, ರಾಷ್ಟ್ರ ಮಟ್ಟದ ಪ್ರಮಾಣಪತ್ರ. ಆ ಮಟ್ಟಕ್ಕೆ ಹೋಗಬೇಕಾದರೆ ತಾಲ್ಲೂಕು, ಜಿಲ್ಲೆ, ವಿಭಾಗ ಎಂಬ ಮೆಟ್ಟಿಲುಗಳಲ್ಲಿ ಯಾರೋ ಆರಿಸಬೇಕು. ಚಿಂತಾಮಣಿಯ ಒಬ್ಬ ಹುಡುಗ ಹೊರಗುಳಿದರೆ ಅವನು ಕಳೆದುಕೊಳ್ಳುವುದು ಒಂದು ಪಂದ್ಯವನ್ನಲ್ಲ, ಒಂದು ಕಾಲೇಜು ಸೀಟನ್ನು, ಮುಂದೆ ಒಂದು ನೌಕರಿಯನ್ನು. ಯಾಕೆ ಹೊರಗುಳಿದೆ ಎಂದು ಕೇಳಿದರೆ ಅವನಿಗೆ ತೋರಿಸಲು ಒಂದು ಕಾಗದವೂ ಇರುವುದಿಲ್ಲ.

ದುಡ್ಡಿಲ್ಲ ಎಂಬ ಕಾರಣ ಇಲ್ಲಿ ನಡೆಯದು. ಒಂದು ನೋಟ್‌ಬುಕ್, ಎರಡು ಪೆನ್ನು, ಅಂಗಣದ ಪಕ್ಕದಲ್ಲಿ ಇಬ್ಬರು ವಿದ್ಯಾರ್ಥಿಗಳು ಇದ್ದರೆ ಆಯಿತು. ಒಬ್ಬ ನೋಡಿ ಹೇಳಬೇಕು: ‘ಏಳು, ರೀಬೌಂಡ್’, ‘ಹನ್ನೊಂದು, ಮಿಸ್’. ಇನ್ನೊಬ್ಬ ಸಾಲಿನಲ್ಲಿ ಗೆರೆ ಎಳೆಯಬೇಕು. ಆಡಲು ಅವಕಾಶ ಸಿಗದೆ ಬೆಂಚಿನಲ್ಲಿ ಕೂತ ಮಕ್ಕಳೇ ಇದನ್ನು ಮಾಡಬಲ್ಲರು, ಹಾಗೆ ಮಾಡಿದವರು ಆಟವನ್ನು ಬೇಗ ಕಲಿಯುತ್ತಾರೆ ಕೂಡ. ಪಂದ್ಯ ಮುಗಿದ ಮೇಲೆ ಆ ಹಾಳೆಯ ಫೋಟೊ ತೆಗೆದು ಎರಡೂ ಶಾಲೆಗಳಿಗೆ ಕಳಿಸಿದರೆ ದಾಖಲೆ ಉಳಿಯುತ್ತದೆ. ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಶಾಲೆಗಳಿವೆ. ಇದ್ದವರೂ ಕೂಟದ ದಿನ ಊಟ, ಬಸ್ಸು, ಪೆಂಡಾಲ್, ಗಣ್ಯರ ಹಾರ ಎಂದು ಓಡಾಡುತ್ತಿರುತ್ತಾರೆ. ಅವರನ್ನು ಅಷ್ಟು ಹೊತ್ತು ಅಂಗಣದ ಪಕ್ಕ ಕೂರಲು ಬಿಟ್ಟರೆ ಸಾಕು, ಹಾರವನ್ನು ಬೇರೆ ಯಾರಾದರೂ ತರಲಿ.

ಇಷ್ಟಕ್ಕೂ ಕಾಯಬೇಕಿಲ್ಲ. ಸರ್ಕಾರಿ ಕೂಟಗಳ ಕಾಗದಪತ್ರಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಲ್ಲಿವೆ. ಶುಲ್ಕ ₹10, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಮಗ ಅಥವಾ ಮಗಳು ಆಡಿದ ಪಂದ್ಯದ ದಿನಾಂಕ ಬರೆದು ಮೂರನ್ನು ಕೇಳಿ: ಆ ಪಂದ್ಯದ ಸ್ಕೋರ್‌ಶೀಟ್‌ನ ನಕಲು, ಆಯ್ಕೆ ಮಾಡಿದವರ ಹೆಸರು ಮತ್ತು ಹುದ್ದೆ, ಆಯ್ಕೆಗೆ ಬಳಸಿದ ಮಾನದಂಡದ ಪ್ರತಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಕಡೆಯಿಂದ ಹತ್ತತ್ತು ಅರ್ಜಿ ಹೋದರೂ ಮುಂದಿನ ದಸರಾ ಕ್ರೀಡಾಕೂಟದೊಳಗೆ ಯಾರಾದರೂ ಒಂದು ನೋಟ್‌ಬುಕ್ ಕೊಂಡುಕೊಳ್ಳಲೇಬೇಕಾಗುತ್ತದೆ.