ಚಿಹ್ನೆ ಒಂದೇ, ಮನಸ್ಸು ಬೇರೆ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಕೇಳುವ ಮಾತು ಒಂದೇ: "ಅವರು ನಮ್ಮ ಪಾರ್ಟಿಯವರಲ್ವಾ, ಮತ್ತೆಂತ ನೋಡ್ಲಿಕ್ಕುಂಟು?" ಪಾರ್ಟಿ ನೋಡಿದರೆ ಸಾಕು, ಆಳನ್ನು ನೋಡಬೇಕಾಗಿಲ್ಲ ಎಂಬ ಲೆಕ್ಕ. ಈ ಲೆಕ್ಕ ಎಷ್ಟು ಸರಿ ಎಂದು ತಿಳಿಯಲು 1950ರ ಕಾಂಗ್ರೆಸ್ಸನ್ನು ಒಮ್ಮೆ ನೋಡಬೇಕು.

ಆ ವರ್ಷ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಒಂದು ಕಡೆ ಅಲಹಾಬಾದಿನ ಪುರುಷೋತ್ತಮ ದಾಸ್ ಟಂಡನ್, ಇನ್ನೊಂದು ಕಡೆ ಆಚಾರ್ಯ ಕೃಪಲಾನಿ. ಟಂಡನ್ ಸರಳ ಜೀವನದ ಪ್ರಾಮಾಣಿಕ ಮನುಷ್ಯ, ಸ್ವಾತಂತ್ರ್ಯಕ್ಕಾಗಿ ಜೈಲು ಕಂಡವರು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಹಿಂದಿ, ಗೋರಕ್ಷಣೆ, ಪಾಕಿಸ್ತಾನ ಇಂಥ ವಿಷಯಗಳಲ್ಲಿ ಅವರ ನಿಲುವು ಹಿಂದೂ ಮಹಾಸಭೆಯವರಿಗೆ ಹತ್ತಿರ ಇತ್ತೇ ಹೊರತು ನೆಹರೂಗೆ ಅಲ್ಲ. ನೆಹರೂ ತಮ್ಮ ವಿರೋಧವನ್ನು ಅವರಿಗೇ ಪತ್ರ ಬರೆದು ತಿಳಿಸಿದ್ದರು. ಪಟೇಲರ ಬೆಂಬಲ ಟಂಡನ್‌ಗೆ ಇತ್ತು. ಮತ ಎಣಿಸಿದಾಗ ಟಂಡನ್‌ಗೆ 1306, ಕೃಪಲಾನಿಗೆ 1092.

ಅಂದರೆ ಪ್ರಧಾನಿ ಬೇಡ ಅಂದವರನ್ನೇ ಅವರ ಪಕ್ಷ ಅಧ್ಯಕ್ಷರನ್ನಾಗಿ ಆರಿಸಿತು. ಜನಸಂಘ ಆಗ ಹುಟ್ಟಿಯೇ ಇರಲಿಲ್ಲ. ಅಲ್ಪಸಂಖ್ಯಾತರನ್ನು ಹೇಗೆ ನೋಡಬೇಕು ಎಂಬ ಜಗಳ ಎರಡು ಪಕ್ಷಗಳ ನಡುವೆ ಅಲ್ಲ, ಒಂದೇ ಮನೆಯೊಳಗೆ ನಡೆಯುತ್ತಿತ್ತು.

ಮುಂದೆ ಆದದ್ದು ಇನ್ನೂ ವಿಚಿತ್ರ. ಟಂಡನ್ ಪಕ್ಷದಲ್ಲೇ ಉಳಿದರು. ಹೊರಗೆ ಹೋದವರು ಯಾರು? ಅದೇ ಉತ್ತರ ಪ್ರದೇಶದ ರಫಿ ಅಹ್ಮದ್ ಕಿದ್ವಾಯಿ, ನೆಹರೂ ಅವರ ಆಪ್ತ. 1951ರಲ್ಲಿ ಅವರು ಕೃಪಲಾನಿಯ ಹೊಸ ಪಕ್ಷದ ಕಡೆಗೆ ಹೊರಟರು. ಮನೆಯ ತತ್ವ ನಂಬಿದವನು ಅಂಗಳದಲ್ಲಿ, ನಂಬದವನು ಚಾವಡಿಯಲ್ಲಿ! ಕೊನೆಗೆ ನೆಹರೂ ಕಾರ್ಯಕಾರಿ ಸಮಿತಿಗೆ ರಾಜೀನಾಮೆ ಕೊಟ್ಟು ಪಟ್ಟು ಹಿಡಿದರು. ಸೆಪ್ಟೆಂಬರ್‌ನಲ್ಲಿ ಟಂಡನ್ ಸ್ಥಾನ ಬಿಟ್ಟರು, ನೆಹರೂ ತಾವೇ ಅಧ್ಯಕ್ಷರಾದರು. ಪಟೇಲರು ಅಷ್ಟರಲ್ಲಿ ತೀರಿಕೊಂಡಿದ್ದರು. ಮರು ತಿಂಗಳೇ ಶ್ಯಾಮಪ್ರಸಾದ್ ಮುಖರ್ಜಿ ಜನಸಂಘ ಕಟ್ಟಿದರು. ಅವರೂ 1950ರ ಏಪ್ರಿಲ್‌ವರೆಗೆ ನೆಹರೂ ಸಂಪುಟದಲ್ಲೇ ಮಂತ್ರಿಯಾಗಿದ್ದವರು ಎಂಬುದು ಎಷ್ಟು ಜನರಿಗೆ ನೆನಪಿದೆಯೋ.

ಟಂಡನ್ ಜನಸಂಘಕ್ಕೆ ಹೋಗಲಿಲ್ಲ. ಇದ್ದ ಮನೆ ಬಿಡಲಿಕ್ಕೆ ಮನಸ್ಸು ಬರಲಿಲ್ಲವೋ, ಹಳೆಯ ಒಡನಾಟವೋ, ಅವರಿಗೇ ಗೊತ್ತು. ನಂಬಿಕೆ ಬದಲಾಗದೆ ಪಕ್ಷ ಬದಲಿಸುವವರನ್ನು ನಾವು ಬೈಯುತ್ತೇವೆ. ನಮ್ಮ ಬಂಗಾರಪ್ಪ 2004ರಲ್ಲಿ ಬಿಜೆಪಿಯಿಂದ, ಮರುವರ್ಷ ಸಮಾಜವಾದಿ ಪಕ್ಷದಿಂದ ಅದೇ ಶಿವಮೊಗ್ಗದಲ್ಲಿ ಗೆದ್ದಾಗ ನಕ್ಕವರೂ ಇದ್ದರು. ನಂಬಿಕೆ ಬೇರೆ ಇದ್ದೂ ಪಕ್ಷ ಬದಲಿಸದೆ ಕೂತವರನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಮತ ಕೇಳಲು ಬಂದವರು ಗಲಭೆಯ ದಿನ ಎಲ್ಲಿದ್ದರು, ವಿಧಾನಸಭೆಯಲ್ಲಿ ಯಾವ ಮಸೂದೆಗೆ ಕೈ ಎತ್ತಿದರು ಎಂದು ಕೇಳಲಿಕ್ಕೆ ನಮಗೆ ದಾಕ್ಷಿಣ್ಯ ಯಾಕೆ?

ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಕಾಂಗ್ರೆಸ್ಸಿಗೆ ಜೋಡೆತ್ತು. ಕಿದ್ವಾಯಿ ಅಷ್ಟರಲ್ಲಿ ವಾಪಸ್ ಬಂದಿದ್ದರು. ಉತ್ತರ ಪ್ರದೇಶದಲ್ಲಿ ಒಂದು ಊರಿನ ಜೋಡೆತ್ತಿನ ಪೆಟ್ಟಿಗೆಯಿಂದ ಕಿದ್ವಾಯಿ ಲೋಕಸಭೆಗೆ ಹೋದರು, ಆಮೇಲೆ ನಡೆದ ಉಪಚುನಾವಣೆಯಲ್ಲಿ ಇನ್ನೊಂದು ಊರಿನ ಜೋಡೆತ್ತಿನ ಪೆಟ್ಟಿಗೆಯಿಂದ ಟಂಡನ್ ಹೋದರು.