‘ಶುಗರ್ ಬರೀಬೇಡ ಬಿಡಪ್ಪ!’

ನಮ್ಮ ಚಿಕ್ಕಪ್ಪನ ಮಗ ಐಸಿ-38 ಪರೀಕ್ಷೆ ಪಾಸ್ ಮಾಡಿ ಶಿಡ್ಲಘಟ್ಟದಲ್ಲಿ ಜೀವವಿಮೆ ಏಜೆಂಟ್ ಆದ. ಮೊದಲ ಗಿರಾಕಿ ಪಕ್ಕದ ಬೀದಿಯ ರೇಷ್ಮೆ ರೀಲರ್. ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆ ಬಂದಾಗ ಅವರು, ‘ಎರಡು ವರ್ಷದಿಂದ ಮಾತ್ರೆ ನುಂಗ್ತಿದೀನಿ. ಶುಗರ್ ಅಂತ ಬರೀಬೇಡ ಬಿಡಪ್ಪ, ಕಂತು ಜಾಸ್ತಿ ಆಗುತ್ತೆ’ ಅಂದರಂತೆ.

ರಾತ್ರಿ ಫೋನ್ ಮಾಡಿದ. ‘ಅಕ್ಕಾ, ಬರೆದ್ರೆ ಮೊದಲ ಪಾಲಿಸಿನೇ ಕೈತಪ್ಪುತ್ತೆ. ಏನ್ಮಾಡ್ಲಿ?’

‘ನಾಳೆ ಅವರಿಗೆ ಏನಾದ್ರೂ ಆದ್ರೆ ಅವರ ಹೆಂಡತಿ ಯಾರ ಮನೆ ಬಾಗಿಲು ತಟ್ತಾರೆ? ಕಂಪನಿದಾ, ನಿಂದಾ?’ ಅಂದೆ. ಆ ಕಡೆ ಮಾತಿಲ್ಲ.

ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೊದಲ ಮೂರು ವರ್ಷ, ಮುಖ್ಯ ವಿಷಯ ಮುಚ್ಚಿಟ್ಟಿದ್ದಕ್ಕೆ ಕಂಪನಿ ಪಾಲಿಸಿಯನ್ನೇ ಪ್ರಶ್ನಿಸಬಹುದು. ಆಮೇಲೆ ಪ್ರಶ್ನಿಸುವಂತಿಲ್ಲ. ಆದರೆ ಸಾವು ಮೂರು ವರ್ಷ ಕಾಯುತ್ತದೆಯೇ?

ಈ ಕೆಲಸಕ್ಕೆ ಮಾತುಗಾರಿಕೆಗಿಂತ ಕೇಳುವ ಕಿವಿ ಮುಖ್ಯ. ಗೌರಿಬಿದನೂರಿನ ಕಾರ್ಖಾನೆ ಕೆಲಸಗಾರನಿಗೆ ತಿಂಗಳ ಸಂಬಳ. ಚಿಂತಾಮಣಿಯ ಟೊಮೆಟೊ ಬೆಳೆಗಾರನಿಗೂ ಚಿಕ್ಕಬಳ್ಳಾಪುರದ ಹೂವಿನ ರೈತನಿಗೂ ದುಡ್ಡು ಬರೋದು ಬೆಳೆ ಕೈಗೆ ಬಂದಾಗ, ರೇಟು ಸಿಕ್ಕಾಗ. ಇಬ್ಬರಿಗೂ ಒಂದೇ ಥರ ತಿಂಗಳ ಕಂತು ಹಾಕಿಸಿದರೆ ಒಬ್ಬರ ಪಾಲಿಸಿ ನಿಂತೇ ಹೋಗುತ್ತೆ. ವರ್ಷದ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ಮಾತ್ರ ರಿಯಾಯಿತಿ ಅವಧಿ ಅನ್ನೋದನ್ನ ಏಜೆಂಟ್ ಮೊದಲೇ ಹೇಳಬೇಕು. ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡ ಅನ್ನಿಸಿದರೆ ವಾಪಸ್ ಕೊಡಬಹುದು ಅನ್ನೋದನ್ನೂ ಹೇಳಬೇಕು, ಕಮಿಷನ್ ಹೋದರೂ ಸರಿ.

‘ಮೊದಲ ಕಂತಲ್ಲಿ ಅರ್ಧ ನೀನೇ ಕಟ್ಟು’ ಅನ್ನೋರು ಎಲ್ಲ ಊರಲ್ಲೂ ಇದ್ದಾರೆ. ಹಾಗೆ ಕಮಿಷನ್ ಬಿಟ್ಟುಕೊಡುವುದು 41ನೇ ಸೆಕ್ಷನ್ ಪ್ರಕಾರ ತಪ್ಪು. 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಇನ್ನೊಂದು ವಿಷಯ ನೆನಪಿರಲಿ: ಏಜೆಂಟ್ ಕಂಪನಿಯ ಪ್ರತಿನಿಧಿ, ಬ್ರೋಕರ್ ಗ್ರಾಹಕನ ಪರ ಹಲವು ಕಂಪನಿಗಳ ಪಾಲಿಸಿ ಹುಡುಕುವವನು. ‘ನಾನು ಯಾರ ಕಡೆಯವನು’ ಅಂತ ಮೊದಲೇ ಹೇಳೋದು ಮರ್ಯಾದೆ.

ತಮ್ಮ ಶುಗರ್ ಬರೆದೇ ಬರೆಸಿದ. ಕಂತು ಹೆಚ್ಚಾಯ್ತು. ರೀಲರ್ ಸಿಟ್ಟಾಗಿ, ವಿಮೆ ಮೊತ್ತ ಅರ್ಧಕ್ಕಿಳಿಸಿದರು. ಕಮಿಷನ್ನೂ ಇಳೀತು. ‘ಆದ್ರೂ ಅಕ್ಕಾ, ದಿನಾ ಅವರ ಮನೆ ಮುಂದೆನೇ ಗಾಡಿ ಓಡಿಸ್ಬೇಕಲ್ವಾ, ತಲೆ ತಗ್ಗಿಸೋ ಹಾಗಿಲ್ಲ’ ಅಂದ.

ಇವತ್ತು ಮನೆಗೆ ಹೋದ ಮೇಲೆ ಅಪ್ಪನ ಪಾಲಿಸಿ ತೆಗೆದು ನೋಡಿ. ಆರೋಗ್ಯದ ಪ್ರಶ್ನೆಗಳ ಮುಂದೆ ಸಾಲಾಗಿ ‘ಇಲ್ಲ’ ಅಂತಿದೆಯಾ? ಅದನ್ನ ಬರೆದದ್ದು ಅಪ್ಪನಾ, ಏಜೆಂಟಾ? ನಾಮಿನಿ ಹೆಸರು ಸರಿಯಿದೆಯಾ? ಈಗಲೇ ಕೇಳಿಬಿಡಿ.